‘ಏನುಂಡೆ?’ ಎಂದು ಕೇಳುವ ನಾಗಮಣಿ

ಚಾಮರಾಜನಗರದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕೋಣೆಯ ಬಾಗಿಲಾಚೆ ಚಪ್ಪಲಿ ಬಿಟ್ಟು ನಾಗಮಣಿ ಒಳಗೆ ಬರುತ್ತಾರೆ. ಸೆರಗಿನ ತುದಿಯಿಂದ ಕೀಬೋರ್ಡಿನ ಧೂಳು ಒರೆಸಿ, ರಾತ್ರಿ ಮನೆಯಲ್ಲಿ ಉಂಡ ಸಾರಿನ ಹೆಸರನ್ನು ಕಂಪ್ಯೂಟರಿಗೆ ಬರೆಯುತ್ತಾರೆ. ಇವತ್ತಿನದು ಹುರುಳಿ ಬಸ್ಸಾರು. ಇದೇನು ಅಡುಗೆಮನೆಯ ವರದಿ ಎಂದು ನಗಬೇಡಿ, ನಾನೂ ಮೊದಲು ನಕ್ಕವನೇ. ಬರೆದು ಮುಗಿಸಿದವರು ಫೋನಿನ ಪಕ್ಕ ಬಂದು ನಿಂತು ಗುಂಡ್ಲುಪೇಟೆಯ ನಂಬರ್ ತಿರುಗಿಸುತ್ತಾರೆ.

ಅಲ್ಲಿರುವುದು ಈ ಆಸ್ಪತ್ರೆ ನಡೆಸುವ ಟ್ರಸ್ಟಿನದೇ ಇನ್ನೊಂದು ಚಿಕ್ಕ ಆಸ್ಪತ್ರೆ. ಫೋನ್ ಎತ್ತುವವರು ರಾತ್ರಿ ಪಾಳಿ ಮುಗಿಸುತ್ತಿರುವ ನರ್ಸ್ ಕುಮಾರಿ. ಇಲ್ಲಿ ಬರೆದದ್ದು ಒಂದೆರಡು ನಿಮಿಷದಲ್ಲಿ ಅಲ್ಲಿನ ಕಂಪ್ಯೂಟರಿನ ತೆರೆಯ ಮೂಲೆಯಲ್ಲಿ ಕಾಣಬೇಕು. ಕುಮಾರಿ ಅದನ್ನು ಓದಿ ಹೇಳಬೇಕು.

“ರಾತ್ರಿ ನಾನೇನುಂಡೆ ಏಳಮ್ಮಿ” ಎಂದು ನಾಗಮಣಿ ಕೇಳುತ್ತಾರೆ.

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸುತ್ತದೆ. “ಅಲಸಂದೆಕಾಳು ಸಾರು ಅಂತ ಅದೆ ಕಣಕ್ಕ.”

ಅದು ನಿನ್ನೆ ಬೆಳಿಗ್ಗೆ ಬರೆದದ್ದು. ನಾಗಮಣಿಯ ದನಿ ಏರುವುದಿಲ್ಲ. “ತೆರೆ ಮ್ಯಾಲೆ ಟವಲ್ ಆಕ್ಬುಡು. ಔಷ್ದಿ ಏನೇ ಬೇಕಾದ್ರೂ ಇಲ್ಲಿಗೆ ಫೋನ್ ಮಾಡಿ ಕೇಳ್ಲಿ. ಡಾಕ್ಟ್ರಿಗೆ ಈಗ್ಲೇ ಏಳು” ಎನ್ನುತ್ತಾರೆ. ಹಾವು ಕಚ್ಚಿದವರು ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಚೇಳು ಕುಟುಕಿದವರೊಬ್ಬರು ಬಂದಿದ್ದಾರೆ, ಹಾವಿನದು ಯಾರೂ ಇಲ್ಲ ಎಂದ ಮೇಲೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಕೂತರೂ ಕಾಲು ಕುಣಿಯುತ್ತಲೇ ಇರುತ್ತದೆ.

ನಾಗಮಣಿಯ ಕೆಲಸವನ್ನು ನನಗೆ ತಿಳಿದಷ್ಟರಲ್ಲಿ ಹೇಳುತ್ತೇನೆ. ಈ ಟ್ರಸ್ಟಿನ ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಮೂರು ದೊಡ್ಡ ಕಂಪ್ಯೂಟರ್‌ಗಳ ಒಂದು ಗುಂಪಿದೆ. ಒಂದು ರೋಗಿಗಳ ವಿವರ ಇಟ್ಟುಕೊಂಡರೆ ಇನ್ನೊಂದು ರಕ್ತಪರೀಕ್ಷೆಯದನ್ನು, ಮತ್ತೊಂದು ಔಷಧಿ ದಾಸ್ತಾನಿನ ಲೆಕ್ಕವನ್ನು ಇಟ್ಟುಕೊಳ್ಳುತ್ತದೆ. ಗುಂಡ್ಲುಪೇಟೆಯಲ್ಲಿ ಎರಡರ ಗುಂಪು. ಬಾಡಿಗೆಗೆ ಪಡೆದ ಟೆಲಿಫೋನ್ ಲೈನೊಂದು ತೆರಕಣಾಂಬಿಯ ಮೇಲೆ ಹಾದು ಎರಡು ಗುಂಪನ್ನೂ ಸೇರಿಸುತ್ತದೆ. ಹಗಲೂ ಇರುಳೂ ಆ ಗುಂಪು ಈ ಗುಂಪನ್ನು ಕೇಳುತ್ತಿರಬೇಕು, ಈ ಗುಂಪು ಹೇಳುತ್ತಿರಬೇಕು.

ಹಾಗೆಂದು ಯಾರು ಬೇಕಾದರೂ ಯಾರನ್ನು ಬೇಕಾದರೂ ಮಾತಾಡಿಸುವಂತಿಲ್ಲ. ಆಫೀಸಿನವರು ಇಂಟರ್‌ನೆಟ್ಟನ್ನೂ ಬಳಸುತ್ತಾರೆ, ಹೊರಗಿನಿಂದ ಯಾರಾದರೂ ನುಸುಳಿ ರೋಗಿಗಳ ಗುಟ್ಟು ಕದ್ದರೆ ಕಷ್ಟ. ಅದಕ್ಕೆ ಎರಡೂ ಕಡೆ ಒಂದೊಂದು ಕಾವಲು ಕಂಪ್ಯೂಟರ್ ಇದೆ. ಬಲ್ಲವರು ಫೈರ್‌ವಾಲ್ ಎನ್ನುತ್ತಾರೆ, ಇಲ್ಲಿಯವರಿಗೆ ಅದು ‘ಗೇಟು’. ಪುಣಜನೂರಿನ ಚೆಕ್‌ಪೋಸ್ಟಿನ ಹಾಗೆ ಎಲ್ಲವನ್ನೂ ನಿಲ್ಲಿಸುತ್ತದೆ. ಯಾವುದನ್ನು ಬಿಡು ಎಂದು ಅಪ್ಪಣೆ ಇದೆಯೋ ಅದನ್ನು ಮಾತ್ರ ಬಿಡುತ್ತದೆ. ಆ ಅಪ್ಪಣೆ ಬರೆಯುವ ಕೈ ನಾಗಮಣಿಯದು. “ಯಾರು ಯಾರ್ನ ಮಾತಾಡ್ಸಬೋದು ಅಂತ ಏಳದೇ ನನ್ ಕ್ಯಾಮೆ” ಎನ್ನುತ್ತಾರೆ. ಊರಿನವರು ಕೇಳಿದರೆ ಆಸ್ಪತ್ರೆಯಲ್ಲಿ ಟೈಪಿಂಗ್ ಎಂದು ಹೇಳಿ ಸುಮ್ಮನಾಗುತ್ತಾರಂತೆ.

ಈ ವರ್ಷ ಕಂಪ್ಯೂಟರ್ ಎಂದರೆ ಸಾಕು, ಎಲ್ಲರೂ ಎರಡು ಸಾವಿರನೇ ಇಸವಿಯ ಸೊನ್ನೆಗಳ ಮಾತೆತ್ತುತ್ತಾರೆ. ಆಸ್ಪತ್ರೆಯ ಮ್ಯಾನೇಜರ್ ನೀಲಕಂಠಸ್ವಾಮಿಯವರೂ ನನ್ನೊಡನೆ ಅರ್ಧ ಗಂಟೆ ಅದನ್ನೇ ಮಾತಾಡಿದರು. ಲೋಕಕ್ಕೆಲ್ಲ ಡಿಸೆಂಬರ್ ಮೂವತ್ತೊಂದರ ಭಯ, ಆ ರಾತ್ರಿ ಇಸವಿ ತಿರುಗಿದೊಡನೆ ಕಂಪ್ಯೂಟರ್‌ಗಳೆಲ್ಲ ತಾರೀಖು ತಪ್ಪಿ ಕೆಟ್ಟು ನಿಲ್ಲುತ್ತವೆ ಎಂದು. ನಾಗಮಣಿಗೆ ದಿನಾ ಬೆಳಗಿನ ಭಯ, ಅದು ಹುಟ್ಟಿದ್ದು ಹೋದ ವರ್ಷದ ಆಯುಧಪೂಜೆಯಲ್ಲಿ.

ಆಯುಧಪೂಜೆಯ ದಿನ ದುಡಿಯುವ ಸಾಮಾನಿಗೆ ಬಿಡುವು ಕೊಡುವುದು ನಮ್ಮಲ್ಲಿ ನಡೆದು ಬಂದದ್ದು. ನೇಗಿಲು ತೊಳೆದು ಇಡುತ್ತೇವೆ, ಲಾರಿ ನಿಲ್ಲಿಸುತ್ತೇವೆ, ಹೊಲಿಗೆ ಯಂತ್ರದ ಮೇಲೆ ಹೂವಿಟ್ಟು ಕೈ ಮುಗಿಯುತ್ತೇವೆ. ಆಸ್ಪತ್ರೆಯ ಹಳೆಯ ಅಟೆಂಡರ್ ಪುಟ್ಟಮಲ್ಲಪ್ಪ ಕಂಪ್ಯೂಟರಿಗೂ ಬಿಡುವು ಕೊಡಬೇಕೆಂದು ಹಟ ಹಿಡಿದರು. ಉರಿಯುತ್ತಿರುವಾಗಲೇ ವಿಭೂತಿ ಬಳಿದರೆ ಅದೇನು ಪೂಜೆಯೇ ಎಂಬುದು ಅವರ ವಾದ. ವಾರ್ಡಿನವನ್ನು ಆರಿಸುವಂತಿರಲಿಲ್ಲ. ಗೇಟಿಗೆ ತೆರೆಯೂ ಇಲ್ಲ, ಅದರ ಮುಂದೆ ಕೂರುವವರೂ ಇಲ್ಲ, ಒಂದು ಗಳಿಗೆ ಆರಿಸಿದರೆ ಯಾರಿಗೂ ತೊಂದರೆ ಕಾಣಲಿಲ್ಲ. ನಾಗಮಣಿಯೇ ತಮ್ಮ ಕೈಯಾರೆ ಆರಿಸಿ, ಒರೆಸಿ, ಬೊಟ್ಟಿಟ್ಟು ಸೇವಂತಿಗೆ ಮುಡಿಸಿದರು. ಬಾಗಿಲಲ್ಲಿ ಬೂದುಗುಂಬಳ ಒಡೆದು, ಮಂಗಳಾರತಿಯಾದ ಮೇಲೆ ಮತ್ತೆ ಹಾಕಿದರು. ಹಸಿರು ದೀಪ ಮಿನುಗಿತು. ಎಲ್ಲರೂ ಪುರಿ, ಕಡಲೆ, ಬಾಳೆಹಣ್ಣು ಹಂಚಿಕೊಂಡು ಮನೆಗೆ ಹೋದರು.

ಅದಕ್ಕೂ ಮುಂಚೆ ಶ್ರಾವಣದಲ್ಲಿ ಔಷಧಿ ದಾಸ್ತಾನಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಅದನ್ನು ಬಿಡು ಎಂದು ನಾಗಮಣಿ ಗೇಟಿಗೆ ಅಪ್ಪಣೆ ಕೊಟ್ಟಿದ್ದರು. ಆದರೆ ಆ ಅಪ್ಪಣೆಯನ್ನು ಯಂತ್ರದ ಡಿಸ್ಕಿನಲ್ಲಿ ಉಳಿಸುವುದು ಮರೆತಿತ್ತು. “ಬಾಯಲ್ಲಿ ಏಳಿದ್ದೆ, ಬರ್ದಿಡ್ನಿಲ್ಲ. ಮಲಗಿ ಎದ್ದಾಗ ಅದು ಮರ್ತುಬುಡ್ತು” ಎಂದು ತಮ್ಮ ತಪ್ಪನ್ನು ಅವರು ವಿವರಿಸುತ್ತಾರೆ. ಪೂಜೆ ಮುಗಿದು ಎದ್ದ ಗೇಟಿಗೆ ಹಳೆಯ ಅಪ್ಪಣೆಗಳಷ್ಟೇ ನೆನಪಿದ್ದವು. ಹೊಸ ಕಂಪ್ಯೂಟರಿನ ಮಾತನ್ನು ಅದು ಅಲ್ಲೇ ತಡೆದು ನಿಲ್ಲಿಸಿತು. ರೋಗಿಗಳ ವಿವರ, ರಕ್ತಪರೀಕ್ಷೆ ಎಲ್ಲ ಎಂದಿನಂತೆ ಓಡಾಡುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಗುಂಡ್ಲುಪೇಟೆಯ ತೆರೆ ಖಾಲಿಯಾಗಿಬಿಟ್ಟಿದ್ದರೆ ಯಾರಾದರೂ ಏಕೆಂದು ಕೇಳುತ್ತಿದ್ದರು, ಆದರೆ ಅದು ಖಾಲಿಯಾಗಲಿಲ್ಲ. ಉತ್ತರ ಸಿಗದಿದ್ದರೆ ಕೊನೆಗೆ ಸಿಕ್ಕಿದ ಉತ್ತರವನ್ನೇ ತೋರಿಸುತ್ತಿರುವಂತೆ ಅದನ್ನು ಮಾಡಿಟ್ಟಿದ್ದರು. ಹಾವಿನ ವಿಷ ಇಳಿಸುವ ಇಂಜೆಕ್ಷನ್ ಚಾಮರಾಜನಗರದಲ್ಲಿ ಆರು ಇದೆ ಎಂದು ಅದು ತೋರಿಸುತ್ತಲೇ ಇತ್ತು.

ವಿಜಯದಶಮಿಯ ಸಂಜೆ ಪುಣಜನೂರಿನ ಕಡೆಯ ಒಬ್ಬರಿಗೆ ಆ ಆರೂ ಖರ್ಚಾದವು. ಮಾರನೆಯ ದಿನ ತೆರಕಣಾಂಬಿಯ ಮಾದಮ್ಮ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಎಡಗೈಗೆ ಕೊಳಕುಮಂಡಲ ಹಾವು ಕಚ್ಚಿತು. ಹತ್ತಿರವೆಂದು ಮೈದುನ ಗುಂಡ್ಲುಪೇಟೆಗೆ ಕರೆದೊಯ್ದ. ಅಲ್ಲಿ ಇಂಜೆಕ್ಷನ್ ಮುಗಿದಿತ್ತು. ತೆರೆ ನೋಡಿದ ಡಾಕ್ಟರು ಚಾಮರಾಜನಗರಕ್ಕೆ ಹೋಗಿ ಎಂದರು. ಟೆಂಪೊ ತಿರುಗಿ, ಅವರ ಊರನ್ನೇ ಹಾದು, ಇಲ್ಲಿಗೆ ಬಂತು. ಇಲ್ಲಿ ಪೆಟ್ಟಿಗೆ ಖಾಲಿ. ಇಲ್ಲಿಂದ ಮೈಸೂರಿಗೆ ಹೊರಡಬೇಕಾಯಿತು. ಗುಂಡ್ಲುಪೇಟೆಯಿಂದ ನೇರ ಮೈಸೂರಿಗೇ ಹೋಗಿದ್ದರೆ ಒಂದೂವರೆ ಗಂಟೆಯಾದರೂ ಉಳಿಯುತ್ತಿತ್ತು. ಮಾದಮ್ಮ ಬದುಕಿದರು. ಎಡಗೈಯ ಎರಡು ಬೆರಳು ಉಳಿಯಲಿಲ್ಲ.

ತಪ್ಪು ಎಲ್ಲಾಯಿತೆಂದು ಹುಡುಕಿ ತೆಗೆದವರೂ ನಾಗಮಣಿಯೇ, ಮ್ಯಾನೇಜರ್ ಮುಂದೆ ನಿಂತು ಹೇಳಿದವರೂ ಅವರೇ. ಆಗಿದ್ದು ಆಯಿತು, ಲೈನ್ ಕೆಟ್ಟಿತ್ತು ಎಂದು ಹೇಳಿದರಾಯಿತು ಎಂದು ನೀಲಕಂಠಸ್ವಾಮಿ ಸಮಾಧಾನ ಮಾಡಿದರಂತೆ. ಅದೇ ನಾಗಮಣಿಯನ್ನು ಹೆಚ್ಚು ಹೆದರಿಸಿತು. “ಯಾರೂ ಬಯ್ನಿಲ್ಲ ಸಾ. ಯಾಕಂದ್ರ ಯಾರ್ಗೂ ಅರ್ಥ ಆಗ್ನಿಲ್ಲ. ಅರ್ಥ ಆಗಿದ್ದೋಳು ನಾನೊಬ್ಳೇ” ಎಂದು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ. ಮೂರು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲವಂತೆ. ಕಣ್ಣು ಮುಚ್ಚಿದರೆ ಆ ‘ಆರು’ ಕಾಣುತ್ತಿತ್ತಂತೆ.

ಆ ಭಯದಲ್ಲೇ ಅವರಿಗೆ ಅಪ್ಪನ ನೆನಪಾಯಿತು. ಅಪ್ಪ ರಾಚಯ್ಯ ಪುಣಜನೂರಿನ ಅಂಚಿನ ಹೊಲಗಳಲ್ಲಿ ಆನೆ ಬಾರದಂತೆ ರಾತ್ರಿ ಕಾಯುವವರು. ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು, ಹೊಲಕ್ಕೊಬ್ಬರಂತೆ ಕೂತು, ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುವುದು ಅಲ್ಲಿಯ ರೂಢಿ. ಬರಿದೇ ಕೂಗಿದರೆ ತೂಕಡಿಸುವವನೂ ಅಭ್ಯಾಸಬಲದಿಂದ ‘ಓ’ ಎಂದುಬಿಡುತ್ತಾನೆ. ಅವನು ಎದ್ದಿದ್ದಾನೆಂದು ಈಚೆಯವನು ನಂಬುತ್ತಾನೆ, ಆನೆ ಹೊಲಕ್ಕೆ ಇಳಿದಿರುತ್ತದೆ. ಅದಕ್ಕೆ ಆ ಕಾವಲಿನವರು “ಏನುಂಡ್ಲಾ?” ಎಂದು ಕೂಗುತ್ತಿದ್ದರು. ನಿದ್ದೆಯಲ್ಲಿರುವವನಿಗೆ ಇವತ್ತು ಉಂಡದ್ದನ್ನು ಹೇಳಲಾಗುವುದಿಲ್ಲ. ಚಿಕ್ಕಂದಿನಲ್ಲಿ ಬುತ್ತಿ ಕೊಟ್ಟು ಬರುವಾಗ ಕೇಳಿದ್ದ ಆ ಕೂಗನ್ನು, ಮೈಸೂರಿನಲ್ಲಿ ಡಿಪ್ಲೊಮಾ ಓದಿದ ಮಗಳು ಕಂಪ್ಯೂಟರ್‌ಗಳಿಗೆ ಕಲಿಸಿದರು. ಸಾರಿನ ಹೆಸರು ಬರೆಯುವುದು ಅದೇ ದಾಸ್ತಾನಿನ ಕಂಪ್ಯೂಟರಿನಲ್ಲಿ. ಅದು ಎರಡೂ ಗೇಟು ದಾಟಿ ಆ ಕಡೆ ಕಂಡರೆ ದಾರಿ ತೆರೆದಿದೆ ಎಂದು ಅರ್ಥ. ನಿನ್ನೆಯ ಸಾರೇ ಕಂಡರೆ ಆ ಕಡೆ ಕಾಣುವುದೆಲ್ಲ ನಿನ್ನೆಯದು.

ಮಾದಮ್ಮನಿಗೆ ಇದನ್ನೆಲ್ಲ ಹೇಳಿದ್ದೀರಾ ಎಂದು ನಾನು ಕೇಳುತ್ತೇನೆ. ಹೇಳಿದ್ದಾರೆ. ಬಸ್ಸು ಹತ್ತಿ ತೆರಕಣಾಂಬಿಗೆ ಹೋಗಿ, ಅವರ ಜಗುಲಿಯ ಮೇಲೆ ಕೂತು, ಅತ್ತು ಹೇಳಿದ್ದಾರೆ. ಮಾದಮ್ಮ ಬಯ್ಯಲೂ ಇಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ. “ಕಂಪೂಟ್ರು ನಂಗೊತ್ತಿಲ್ಲ ಕಣಮ್ಮಿ. ನಂಗೇಳ್ದಂಗೆ ಇನ್ನೊಬ್ರಿಗೆ ಸುಳ್ಳೇಳ್ದೆ ಇದ್ರೆ ಸರಿ” ಎಂದರಂತೆ. ನಾಗಮಣಿ ಅದನ್ನು ಕ್ಷಮೆ ಎಂದುಕೊಂಡಿಲ್ಲ. ಒಪ್ಪಿಕೊಂಡ ಕೆಲಸ ಎಂದುಕೊಂಡಿದ್ದಾರೆ.

ಇಷ್ಟು ಮಾತಾಡುವಷ್ಟರಲ್ಲಿ ನಾಗಮಣಿ ಸುಮ್ಮನೆ ಕೂತಿಲ್ಲ. ಈ ಕಡೆಯ ಗೇಟನ್ನು ನೋಡಿಯಾಗಿದೆ, ಅದು ಎಚ್ಚರವಾಗಿದೆ. ಗುಂಡ್ಲುಪೇಟೆಯಲ್ಲಿ ನಿನ್ನೆ ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಗಿತ್ತೆಂದು ಕುಮಾರಿ ಹೇಳುತ್ತಾರೆ. ಅಲ್ಲಿನ ಗೇಟು ಮತ್ತೆ ಎದ್ದಿದೆ, ಟೆಲಿಫೋನ್ ಲೈನಿಗೆ ಸೇರಿಸುವ ಮೋಡೆಮ್ ಮಾತ್ರ ಮಂಕು ಹಿಡಿದು ಕೂತಿದೆ. ಯಾವ ವೈರು ಮುಟ್ಟಬಾರದು, ಯಾವ ಸ್ವಿಚ್ಚು ಆರಿಸಬೇಕು, ಎಷ್ಟು ಹೊತ್ತು ಬಿಟ್ಟು ಹಾಕಬೇಕು ಎಂದು ನಾಗಮಣಿ ಮಗುವಿಗೆ ತುತ್ತಿಡುವ ಹಾಗೆ ಹೇಳಿಕೊಡುತ್ತಾರೆ. ಅವರ ಭಯ ನನಗೂ ಅಂಟಿಕೊಂಡಿದೆ. ಈ ಹೊತ್ತಿನಲ್ಲೇ ಯಾರಾದರೂ ಕಚ್ಚಿಸಿಕೊಂಡು ಬಂದರೆ, ಟವಲ್ ಎತ್ತಿ ಯಾರಾದರೂ ನೋಡಿಬಿಟ್ಟರೆ ಎಂದು ನನಗೂ ದಿಗಿಲಾಗುತ್ತದೆ.

ಸ್ವಲ್ಪ ಹೊತ್ತಿಗೆ ಬಸ್ಸಾರು ಬಂತು ಎಂದು ಕುಮಾರಿ ಹೇಳುತ್ತಾರೆ. ನಾನು ನಿಟ್ಟುಸಿರು ಬಿಡುತ್ತೇನೆ. ನಾಗಮಣಿ ಬಿಡುವುದಿಲ್ಲ. ಒಂದು ಸಲ ಬಂದು ಮತ್ತೆ ನಿಂತಿದ್ದರೆ ಎಂಬ ಅನುಮಾನ ಅವರಿಗೆ. ನನ್ನ ಕಡೆ ತಿರುಗಿ, “ರಾತ್ರಿ ನೀವೇನುಂಡ್ರಿ ಸಾ?” ಎನ್ನುತ್ತಾರೆ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಆರಿದ ಚಿತ್ರಾನ್ನ ಎಂದು ಒಪ್ಪಿಕೊಳ್ಳುತ್ತೇನೆ. ಅದನ್ನೇ ಬರೆಯುತ್ತಾರೆ. ಕಾಯುತ್ತೇವೆ.

“ಚಿತ್ರಾನ್ನ ಅಂತ ಬತ್ತು ಕಣಕ್ಕ” ಎಂಬ ದನಿ ಕೇಳಿಸುತ್ತದೆ.

“ಈಗ ಟವಲ್ ತಗಿ. ಆವಿನ ಇಂಜೆಕ್ಷನ್ ಎಷ್ಟು ತೋರಿಸ್ತದೆ?”

“ಎಲ್ಡು.”

“ಟವಲ್ ಆಕಕೂ ಮುಂಚೆ?”

ಕುಮಾರಿ, “ಎಂಟಿತ್ತು” ಎನ್ನುತ್ತಾರೆ.

ನಿನ್ನೆ ರಾತ್ರಿ ಇಲ್ಲಿನ ವಾರ್ಡಿನಲ್ಲಿ ಆರು ಖರ್ಚಾಗಿವೆ. ಒಬ್ಬರನ್ನು ಉಳಿಸಲು ಎರಡು ಸಾಲದು ಎಂಬುದು ವಿಜಯದಶಮಿಯ ಸಂಜೆ ಒಬ್ಬರಿಗೇ ಆರು ಬೇಕಾದ ಕಥೆ ಕೇಳಿದ ಮೇಲೆ ನನಗೂ ಗೊತ್ತು. ಮೈಸೂರಿನಿಂದ ಹೆಚ್ಚಿಗೆ ತರಿಸಬೇಕೆಂದು ನಾಗಮಣಿ ಪುಟ್ಟಮಲ್ಲಪ್ಪನವರನ್ನು ಮ್ಯಾನೇಜರ್ ಮನೆಗೆ ಓಡಿಸುತ್ತಾರೆ. ಹೊರಗೆ ಬಿಸಿಲು ಬಂದಿದೆ. ಅಲ್ಲಿಯವರೆಗೆ ನಾಗಮಣಿ ಒಂದು ಲೋಟ ಕಾಫಿಯನ್ನೂ ಕುಡಿದಿಲ್ಲ.

ಹೊರಡುವ ಮುಂಚೆ, ಟ್ರಸ್ಟಿನವರಿಂದ ಏನಾದರೂ ಬೇಕೆಂದರೆ ಏನು ಕೇಳುತ್ತೀರಿ ಎಂದೆ. ದೊಡ್ಡ ಯಂತ್ರ, ಹೊಸ ಲೈನು ಎನ್ನಬಹುದೆಂದು ಎಣಿಸಿದ್ದೆ. ತಾವು ರಜೆ ಹಾಕಿದ ದಿನ ಫೋನ್ ಮಾಡಲು ಇನ್ನೊಬ್ಬರನ್ನು ಕೊಟ್ಟರೆ ಸಾಕು ಎಂದರು. ಆಮೇಲೆ ಯೋಚಿಸಿ ಇನ್ನೊಂದು ಮಾತು ಸೇರಿಸಿದರು.

“ಧೈರ್ಯಸ್ಥರು ಬ್ಯಾಡ ಸಾ. ಅವ್ರು ಒಂದಿನ ಕೇಳ್ದೇ ಬುಟ್ಬುಡ್ತಾರ. ನನ್ನಂಗೆ ಎದ್ರುಕೊಳ್ಳೋರ್ನ ಕೊಡ್ಲಿ.”