ಕುಬಸದ ದಿನ ಹೊದಿಸಿದ ಶಾಲು

ಆ ಶಾಲನ್ನು ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ನಮ್ಮ ವಾರ್ಡಿನ ಆಯಾ ದೇವದುರ್ಗದ ಕಡೆಯವಳು. ರೋಗಿ ಹಾಸಿಗೆ ಕೆಡಿಸಿಕೊಂಡರೆ ನಾವು ಮೂಗು ಮುಚ್ಚಿಕೊಳ್ಳುವಷ್ಟರಲ್ಲಿ ಅವಳು, "ಇರಲಿ ಬಿಡಪಾ, ಮನುಷಾ ಅಂದಮ್ಯಾಲ ಆಗ್ತದ" ಎನ್ನುತ್ತ ತೊಳೆದು ಮುಗಿಸಿರುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾನ್ವಿಗೆ ಕೊಟ್ಟಿದ್ದ ಅವಳ ಒಬ್ಬಳೇ ಮಗಳಿಗೆ ಏಳು ತಿಂಗಳು ತುಂಬಿತ್ತು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ, ಬಳೆ, ಬುತ್ತಿ ಒಯ್ಯಬೇಕಾದವರು ತವರಿನವರು. ಆಯಾಳ ಗಂಡ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ, ಹಾಗಾಗಿ ತವರೆಂದರೆ ಇವಳೊಬ್ಬಳೇ. ಬಹಳ ಮೊದಲೇ ಕುಬಸದ ಭಾನುವಾರಕ್ಕೆ ರಜೆ ಕೇಳಿದ್ದಳು. ಆಸ್ಪತ್ರೆಯ ಮಾಲೀಕರು ಹೂಂ ಅಂದಿದ್ದರು.

ಅದೇ ಭಾನುವಾರ ಅವರಿಗೆ ನಮ್ಮನ್ನೆಲ್ಲ ಹುರಿದುಂಬಿಸುವ ಹುಕಿ ಬಂತು. ಸೂಟು ತೊಟ್ಟ ಭಾಷಣಕಾರನನ್ನು ಕರೆಸಿ, ಎಲ್ಲರ ರಜೆ ರದ್ದು ಮಾಡಿದರು. ಆಯಾ ಕೈಮುಗಿದಳು.

"ಸಾಹೇಬ್ರ, ನಾ ಹೋಗ್ಲಿಲ್ಲಂದ್ರ ಮಗಳ ಉಡಿ ಯಾರು ತುಂಬ್ತಾರ್ರೀ?"

"ಏ, ಸನ್ಮಾನ ಇಟ್ಟಿದ್ದು ನಿನಗ. ನೀನ ಇಲ್ಲಂದ್ರ ಹೆಂಗ?"

ಅಬ್ಬಾ, ಏನು ದೊಡ್ಡ ಮನಸ್ಸು!

ಆ ದಿನ ಭಾಷಣಕಾರ ನಮ್ಮನ್ನು ಕುಣಿಸಿದ, ಚಪ್ಪಾಳೆ ತಟ್ಟಿಸಿದ, "ಆಸ್ಪತ್ರೆಯೇ ನನ್ನ ಕುಟುಂಬ" ಎಂದು ಕೂಗಿಸಿದ. ರಾತ್ರಿಪಾಳಿ ಮುಗಿಸಿ ಬಂದವರೂ ತೂಕಡಿಸುತ್ತಲೇ ಕೂಗಿದರು. ಥೂ! "ನಿಮ್ಮಿಂದ ಚೆನ್ನಾಗಿ ಕೆಲಸ ಮಾಡಿಸುವ ಶಕ್ತಿ ಯಾವುದು?" ಎಂದು ಕೇಳಿದ. ಕೊಟ್ಟ ಮಾತು ಉಳಿಸಿಕೊಂಡರೆ ಸಾಕೋ ಯಪ್ಪಾ ಎಂದು ಕಿರುಚಬೇಕೆನಿಸಿತು. ಆಯಾ ಮೂಲೆಯ ಕುರ್ಚಿಯಲ್ಲಿ, ಸೀರೆ ಬಳೆ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕೊನೆಗೆ ಅವಳನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿ ಮಾಲೀಕರು ಮೈಕು ಹಿಡಿದರು.

"ಮಗಳ ಕುಬಸ ಬಿಟ್ಟು ಡ್ಯೂಟಿಗೆ ಬಂದಾಳ ನೋಡ್ರಿ! ನಿಷ್ಠಾ ಅಂದ್ರ ಇದು!"

ಚಪ್ಪಾಳೆಯೋ ಚಪ್ಪಾಳೆ. ಆಯಾ ಮೈಕಿನ ಹತ್ತಿರ ಬಾಯಿ ತಂದಳು.

"ನಾ ಬಿಟ್ಟು ಬಂದಿಲ್ರೀ. ನೀವು ಕಳಸ್ಲಿಲ್ಲ."

ಮಾಲೀಕರು ಹಲ್ಲು ಕಿರಿದು ಮೈಕು ಎಳೆದುಕೊಂಡರು. ಅವಳು ಶಾಲನ್ನು ಕುರ್ಚಿಯ ಮೇಲೆ ಹಾಕಿ, ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು.

ಮರುದಿನ ವಾರ್ಡಿನಲ್ಲಿ, ಮಗಳು ಏನೆಂದಳೆಂದು ಕೇಳಿದೆ.

"ಏನಂತಾಳ್ರೀ ಸಿಸ್ಟರ್. ನಾ ಹೋಗೂದ್ರಾಗ ಎಲ್ಲಾ ಮುಗದಿತ್ತು. ಅತ್ತಿ ಕೊಡಿಸಿದ ಸೀರಿ ಉಟ್ಟು ಕುಂತಿದ್ಲು. ನನ್ನ ಸೀರಿ ಮಡಿಕಿ ಬಿಚ್ಚಿ ಸುದ್ದಾ ನೋಡ್ಲಿಲ್ಲ."