ಪೂಜೆಯ ದಿನ ಹನೂರಿನಿಂದ ಬಂದ ಎಚ್ಚರಿಕೆ

ಶಕುನ, ಹಲ್ಲಿ ಲೊಚಗುಟ್ಟುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಮೊದಲಿನಂತೆ ಗಟ್ಟಿಯಾಗಿ ಇಲ್ಲ ಎನ್ನಲೂ ಆಗುತ್ತಿಲ್ಲ, ಅದಕ್ಕೇ ನನಗೆ ಸಿಟ್ಟು.

ಕೊಳ್ಳೇಗಾಲದಲ್ಲಿ ನಾನೂ ನನ್ನ ಚಿಕ್ಕಮ್ಮನ ಮಗ ಮಹದೇವಸ್ವಾಮಿಯೂ ಸೇರಿ ಸಣ್ಣದೊಂದು ಸ್ಟಾರ್ಟಪ್ ನಡೆಸುತ್ತೇವೆ. ಗಿರಾಕಿಗಳ ಕಂಪ್ಯೂಟರುಗಳು ದಿನವೂ ಹೇಗೆ ನಡೆಯುತ್ತವೆ ಎಂಬುದನ್ನು ನಮ್ಮ ಪ್ರೋಗ್ರಾಂ ನೋಡಿ ನೋಡಿ ಕಲಿಯುತ್ತದೆ. ಏನಾದರೂ ರೂಢಿ ತಪ್ಪಿದರೆ ನಮ್ಮ ಫೋನಿಗೆ ಎಚ್ಚರಿಕೆ ಕಳಿಸುತ್ತದೆ, ನಾವು ಗಿರಾಕಿಗೆ ತಿಳಿಸುತ್ತೇವೆ. ನಮ್ಮ ದೊಡ್ಡ ಗಿರಾಕಿ ಶಿವಮಲ್ಲಪ್ಪನವರು. ಕೊಳ್ಳೇಗಾಲ, ಯಳಂದೂರು, ಹನೂರಿನಲ್ಲಿ ಅವರ ಗೊಬ್ಬರದ ಅಂಗಡಿಗಳಿವೆ. ಹನೂರಿನ ಅಂಗಡಿಯ ಮೇಲೇ ಅವರ ಮನೆ.

ಆದರೆ ಆ ಪ್ರೋಗ್ರಾಂ ನಮ್ಮ ಮಾನ ಕಳೆಯುತ್ತಿತ್ತು. ಕರೆಂಟು ಹೋದರೆ ಎಚ್ಚರಿಕೆ, ಯಳಂದೂರಿನ ಗುಮಾಸ್ತ ಊಟಕ್ಕೆ ತಡವಾಗಿ ಎದ್ದರೂ ಎಚ್ಚರಿಕೆ. "ಏನವ್ವ, ನಿನ್ ಮಿಸೀನು ದಿನಾ ಬಡ್ಕತದೆ, ಒಂದ್ ದಿನಾನಾರ ನಿಜ ಏಳದಾ? ಅಬ್ಬ ಮುಗೀಲಿ, ಬ್ಯಾಡ ಬುಡು" ಎಂದುಬಿಟ್ಟರು ಶಿವಮಲ್ಲಪ್ಪ. ಅವರು ಬಿಟ್ಟರೆ ನಾವು ಬಾಗಿಲು ಹಾಕಬೇಕಿತ್ತು.

ಹೋದ ವರ್ಷ, ಆಯುಧಪೂಜೆಯ ದಿನ ಎಲ್ಲವೂ ಬಂದ್ ಇರುತ್ತದೆ ಎಂದು ಪ್ರೋಗ್ರಾಮಿಗೆ ಮೊದಲೇ ತಿಳಿಸಿಟ್ಟಿದ್ದೆ. ಆದರೂ ಮಧ್ಯಾಹ್ನ ಎಲೆ ಮುಂದೆ ಕೂತಾಗ ಫೋನು ಬಡಿದುಕೊಂಡಿತು: ಹನೂರಿನ ಕಂಪ್ಯೂಟರ್ ವಿಪರೀತ ಬಿಸಿಯೇರುತ್ತಿದೆ. ಶಿವಮಲ್ಲಪ್ಪನವರಿಗೆ ಫೋನು ಮಾಡಿದೆ. ನಿದ್ದೆಗಣ್ಣಿನಲ್ಲೇ ರೇಗಿದರು. "ಕುಂಕುಮ ಇಟ್ಟು ಪೂಜೆ ಮಾಡಿವ್ನಿ ಕಣವ್ವ, ವೈರೂ ಕಿತ್ತು ಸುತ್ತಿಟ್ಟಿವ್ನಿ. ಅದೆಂಗ್ ಕಾದದು?"

ಎಚ್ಚರಿಕೆ ಮಾತ್ರ ನಿಲ್ಲಲಿಲ್ಲ. ಹಾಳಾದ್ದು ಎಲ್ಲಿ ಕೆಟ್ಟಿದೆ ಎಂದು ಕಣ್ಣಾರೆ ನೋಡಿಬಿಡೋಣ ಎಂದು ಅನ್ನ ಬಿಟ್ಟು ಎದ್ದೆ. ಮಹದೇವಸ್ವಾಮಿ ಗೊಣಗುತ್ತಲೇ ಬೈಕ್ ತೆಗೆದ.

ನಾವು ಹನೂರು ಮುಟ್ಟಿದಾಗ ಶಿವಮಲ್ಲಪ್ಪ ಕೆಳಗಿಳಿದು ಬಂದು, ಬೈದುಕೊಂಡೇ ಅಂಗಡಿಯ ಷಟರ್ ಎತ್ತಿದರು. ಒಳಗೆಲ್ಲ ಹೊಗೆ. ಹಿಂದಿನ ಮೂಲೆಯಲ್ಲಿ ತಕ್ಕಡಿಯ ಮುಂದೆ ಹಚ್ಚಿಟ್ಟಿದ್ದ ದೀಪ ಉರುಳಿ, ಗೋಣಿಚೀಲಗಳು ಹೊಗೆಯಾಡುತ್ತಿದ್ದವು. ಹೋಳಿಗೆ ಉಂಡು ಅವರ ಸೊಸೆ, ಮೊಮ್ಮಕ್ಕಳು ಮೇಲೆ ಮಲಗಿದ್ದರು. ಶಿವಮಲ್ಲಪ್ಪ ಕೂಗುತ್ತಾ ಅವರನ್ನು ಕೆಳಗಿಳಿಸಿದರು, ನಾವು ಬಿಂದಿಗೆಗಟ್ಟಲೆ ನೀರು ಸುರಿದೆವು.

ಬೆಂಕಿ ಆರಿದ ಮೇಲೆ, ಈಚೆ ಬಾಗಿಲ ಬಳಿಯಿದ್ದ ಕಂಪ್ಯೂಟರನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು. ವೈರು ಸುತ್ತಿಟ್ಟ ಹಾಗೇ ಇತ್ತು, ಪೂಜೆಗೆ ಮುಡಿಸಿದ್ದ ಸೇವಂತಿಗೆಯೂ ಬಾಡಿರಲಿಲ್ಲ.

"ನಿನ್ ಮಿಸೀನು ಉಳಿಸ್ತು ಕಣವ್ವ" ಎಂದು ಶಿವಮಲ್ಲಪ್ಪ ಕಣ್ಣೊರೆಸಿಕೊಂಡರು. ಬಿಡುವ ಮಾತು ಬಿಟ್ಟು, ಬಂಡಳ್ಳಿಯ ನೆಂಟರಿಗೂ ನಮ್ಮನ್ನು ಗೊತ್ತು ಮಾಡಿಸಿದರು. ನಾವು ನಿಜವಾಗಿ ಹಿಡಿದುಕೊಟ್ಟ ತಪ್ಪುಗಳನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದದ್ದು ಈ ಕಥೆಯೇ. ಕಂಪ್ಯೂಟರ್ ಆರಿಸಿಟ್ಟಿದ್ದರಿಂದ ಆ ಮಧ್ಯಾಹ್ನ ಹನೂರಿನಿಂದ ನಮಗೆ ಒಂದು ಅಕ್ಷರದ ಮಾಹಿತಿಯೂ ಬಂದಿರಲಿಲ್ಲ. ಎಚ್ಚರಿಕೆ ಹೇಗೆ ಹುಟ್ಟಿತು ಎಂದು ಪ್ರೋಗ್ರಾಮನ್ನೆಲ್ಲ ಜಾಲಾಡಿದ್ದೇನೆ, ಸಿಕ್ಕಿಲ್ಲ.

ಈ ವರ್ಷ ಆಯುಧಪೂಜೆಯಂದು ಫೋನು ಸುಮ್ಮನಿತ್ತು. ಸಂಜೆಯವರೆಗೂ ಅದನ್ನೇ ದುರುಗುಟ್ಟಿ ನೋಡಿದೆ. ತಡೆಯಲಾಗದೆ, ನನ್ನನ್ನು ನಾನೇ ಬೈದುಕೊಳ್ಳುತ್ತಾ ಹನೂರಿಗೆ ಹೋಗಿ ತಕ್ಕಡಿಯ ಮುಂದಿನ ದೀಪ ನೋಡಿಕೊಂಡು ಬಂದೆ.