ನಿಂಬೆಹಣ್ಣು ಒಣಗಿದ ಮೇಲೆ

ನವನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಬಾಡಿಗೆ ಕಾರು ಓಡಿಸುತ್ತಿದ್ದರು. ನಾನು ಕಾರು ಕೊಳ್ಳಲು ಹೊರಟಾಗ, ಮೊಬೈಲಿನಲ್ಲಿ ಜನ ಬರೆದ ರಿವ್ಯೂಗಳನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅವರು ಗಾಜು ಒರೆಸುತ್ತಲೇ ಕೇಳಿ, ಪ್ರತಿ ಸಲವೂ ಅದೇ ಮಾತು ಅನ್ನುತ್ತಿದ್ದರು: "ಪೂಜಿ ದಿನ ಕಟ್ಟಿದ ನಿಂಬಿಹಣ್ಣು ಒಣಗೋತನಕ ಎಲ್ಲಾ ಗಾಡಿನೂ ಚಲೋನ ಇರ್ತಾವ. ಒಣಗಿದ ಮ್ಯಾಲೆ ಬರದದ್ದು ಇದ್ರ ಓದು."

"ಹಂಗಾರ ನೀವ ಒಂದು ಬರೀರಲ್ಲ ಕಾಕಾ," ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

ವರ್ಷಗಟ್ಟಲೆ ಇಳಕಲ್‌ಗೆ ಹೋಗಿಬಂದ ತಮ್ಮ ಕಾರಿನ ಬಗ್ಗೆ ಮೂರು ದಿನ ಯೋಚಿಸಿ, ಒಂದೇ ಬೆರಳಿನಲ್ಲಿ ಬರೆದರು: "ಎಂಜಿನ್ ಚಲೋ ಐತಿ. ಹತ್ತಾಕ ಎತ್ತರ ಭಾಳ. ನಮ್ಮ ಮನಿಯಾಕಿಗೆ ಮೊಳಕಾಲ ನೋವು. ಕಾಲಿಡಾಕ ಡಿಕ್ಕಿಯೊಳಗ ಒಂದು ಕಟ್ಟಿಗಿ ಮಣಿ ಇಟ್ಟೇನಿ." ಅಷ್ಟಕ್ಕೇ ಒಂದು ಸ್ಟಾರ್ ಕಡಿಮೆ ಕೊಟ್ಟರು.

ಹೆಂಡತಿ ತೀರಿಕೊಂಡ ಮೇಲೂ ಆ ಮಣೆ ಡಿಕ್ಕಿಯಲ್ಲೇ ಇತ್ತು. ಹೋದ ವರ್ಷ ಕಾಕಾನೂ ಹೋದರು.

ರಿವ್ಯೂ ಮಾತ್ರ ಹಾಗೇ ಇದೆ. ಕೆಳಗೆ ಯಾರೋ ಮೊನ್ನೆ ಕೇಳಿದ್ದಾರೆ: "ಈಗ್ಲೂ ಗಾಡಿ ಚಲೋ ಐತೇನ್ರಿ?"

ಉತ್ತರ ಬಂದಿದೆಯೇನೋ ಎಂದು ನಾನೂ ಆಗಾಗ ತೆರೆದು ನೋಡುತ್ತೇನೆ.